ತಾನೇ ತುಂಬಿಕೊಳ್ಳುವ ಕೋವಿ: ಅಗ್ಗವೇ? ನಂಬಬಹುದೇ?



ರಾಗಿ ತೆನೆ ಬಲಿಯುವ ಕಾಲ ಬಂತು ಅಂದ್ರೆ ತಾಳವಾಡಿ ಕಡೆಯ ಶಾಲೆಗಳಲ್ಲಿ ಮೊದಲ ಪೀರಿಯಡ್‌ನಲ್ಲೇ ಕೆಲವರಿಗೆ ತೂಕಡಿಕೆ. ರಾತ್ರಿಯೆಲ್ಲ ಅಪ್ಪನ ಜೊತೆ, ಮಾವನ ಜೊತೆ ಅಟ್ಟಣೆ ಮೇಲೆ ಕೂತು ಆನೆ ಕಾಯ್ದವರು ಅವರು. ಈ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಸಾರ್, ಒಂದರ ಹಿಂದೆ ಒಂದು ಐದು ಗುಂಡು ಹೊಡೆಯೋ ಕೋವಿ ಇದೆಯಂತಲ್ಲ? ಅಗ್ಗವಾಗಿ, ಕೈಕೊಡದೆ ಇರೋದು ಒಂದು ಸಿಕ್ಕಿದ್ರೆ ಸಾಕಲ್ವಾ?"

ಇದು ಬೈದು ಕೂರಿಸುವ ಪ್ರಶ್ನೆ ಅಲ್ಲ. ಹೊಲ ಹೋದರೆ ವರ್ಷದ ಊಟ ಹೋಯಿತು ಎಂದು ತಿಳಿದವರು ಕೇಳುವ ಪ್ರಶ್ನೆ. ಅದರಲ್ಲಿ ಎರಡು ಒಳ್ಳೆಯ ಪದಗಳಿವೆ: 'ಅಗ್ಗ' ಮತ್ತು 'ಕೈಕೊಡದೆ ಇರೋದು'. ಈ ಎರಡನ್ನೂ ವಿಜ್ಞಾನದಿಂದ ಅಳೆಯಬಹುದು. ಮೊದಲು ಆ ಕೋವಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ. ಆಮೇಲೆ ಅದು ನಮ್ಮ ಹೊಲಕ್ಕೆ ಆಗುತ್ತದೋ ಇಲ್ಲವೋ ಎಂದು ನೀವೇ ಲೆಕ್ಕ ಹಾಕಿ.

12 ಬೋರ್ ಅಂದ್ರೆ ಏನು?

ಗುಂಡಿನ ಕೋವಿ, ಅಂದರೆ ರೈಫಲ್‌ನ ನಳಿಗೆಯೊಳಗೆ ತಿರುಪಿನಂತೆ ಗೀರುಗಳಿರುತ್ತವೆ. ಚರೆ ಕೋವಿಯ ನಳಿಗೆ ಒಳಗೆ ನುಣುಪು. ಅದರ ಅಳತೆ ಹೇಳುವ ರೀತಿ ವಿಚಿತ್ರ. ನಳಿಗೆಯ ಒಳಗೆ ಸರಿಯಾಗಿ ಕೂರುವ ಸೀಸದ ಗೋಲಿಗಳನ್ನು ಮಾಡಿದರೆ ಒಂದು ಪೌಂಡಿಗೆ ಎಷ್ಟು ಗೋಲಿ ಬರುತ್ತವೋ ಅದೇ ಅದರ ಬೋರ್. 12 ಗೋಲಿ ಬಂದರೆ 12 ಬೋರ್.

ಲೆಕ್ಕ ಮಾಡೋಣ. ಒಂದು ಪೌಂಡ್ 453.6 ಗ್ರಾಂ. ಅದನ್ನು 12ರಿಂದ ಭಾಗಿಸಿದರೆ ಒಂದು ಗೋಲಿಯ ರಾಶಿ 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಹಾಗಾದರೆ ಗೋಲಿಯ ಗಾತ್ರ 3.33 ಘನ ಸೆಂ.ಮೀ. ಗೋಳದ ಗಾತ್ರದ ಸೂತ್ರ ಹಾಕಿದರೆ ವ್ಯಾಸ ಸುಮಾರು 1.85 ಸೆಂ.ಮೀ. ಬರುತ್ತದೆ. 12 ಬೋರ್ ನಳಿಗೆಯ ಒಳವ್ಯಾಸ ಇಷ್ಟೇ, 18.5 ಮಿ.ಮೀ. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು ಯಾಕೆ ಎಂದು ಈಗ ಗೊತ್ತಾಯಿತಲ್ಲ?

ಹಳೆಯ ಕೇಪಿನ ಕೋವಿಗೆ ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಒಂದು ಸಲ ಹೊಡೆದರೆ ಮತ್ತೆ ತುಂಬಲು ಬಹಳ ಹೊತ್ತು ಬೇಕು. ತೋಟಾ ಕೋವಿಯಲ್ಲಿ ಕೇಪು, ಮದ್ದು, ನಡುವಿನ ಬಿರಡೆ, ಚರೆ ಎಲ್ಲವೂ ಒಂದೇ ತೋಟೆಯೊಳಗೆ ಸಿದ್ಧವಾಗಿರುತ್ತವೆ. ಒಂಟಿನಳಿಗೆ ಕೋವಿಗೆ ಒಂದು ತೋಟೆ, ಜೋಡುನಳಿಗೆಗೆ ಎರಡು. ತಾನೇ ತುಂಬಿಕೊಳ್ಳುವ, ಅಂದರೆ ಸೆಮಿ ಆಟೋಮ್ಯಾಟಿಕ್ ಕೋವಿಯಲ್ಲಿ ಇನ್ನೂ ಕೆಲವು ತೋಟೆಗಳು ಒಂದು ಕೊಳವೆಯೊಳಗೆ ಸಾಲಾಗಿ ಕಾಯುತ್ತಿರುತ್ತವೆ. ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ಗುಂಡು. ಆದರೆ ಖಾಲಿ ತೋಟೆಯನ್ನು ಹೊರಗೆ ಎಸೆದು, ಹೊಸದನ್ನು ಒಳಗೆ ತಳ್ಳಿ, ಮುಂದಿನ ಏಟಿಗೆ ಸಿದ್ಧವಾಗುವ ಕೆಲಸವನ್ನು ಕೋವಿಯೇ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ಕೆಲಸಕ್ಕೆ ಶಕ್ತಿ ಎಲ್ಲಿಂದ ಬಂತು? ಅದರಲ್ಲಿ ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ.

ಒದೆತದ ಲೆಕ್ಕ

ಕೋವಿ ಹೊಡೆದವರು "ಭುಜಕ್ಕೆ ಒದೆಯಿತು" ಅನ್ನುತ್ತಾರೆ. ನ್ಯೂಟನ್ನನ ಮೂರನೆಯ ನಿಯಮ ಇದು. ಚರೆ ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬರಬೇಕು. 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳಿ. ಅದರ ಸಂವೇಗ 0.032 × 400 = 12.8 ಕಿ.ಗ್ರಾಂ ಮೀ/ಸೆ. ಮದ್ದಿನ ಹೊಗೆಯ ಲೆಕ್ಕ ಬಿಟ್ಟುಬಿಡಿ. ಕೋವಿಯ ರಾಶಿ 3.2 ಕಿ.ಗ್ರಾಂ ಇದ್ದರೆ ಅದು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ.

ಈಗ ಚಲನಶಕ್ತಿ ನೋಡಿ. ಚರೆಗೆ ಸಿಕ್ಕಿದ್ದು 2560 ಜೂಲ್. ಕೋವಿಗೆ ಸಿಕ್ಕಿದ್ದು 25.6 ಜೂಲ್, ಅಂದರೆ ನೂರರಲ್ಲಿ ಒಂದು ಪಾಲು. ಸಂವೇಗ ಸಮ, ಶಕ್ತಿ ಸಮ ಅಲ್ಲ. ಇದನ್ನು ಪರೀಕ್ಷೆಯಲ್ಲಿ ಬಹಳ ಜನ ತಪ್ಪು ಬರೆಯುತ್ತಾರೆ, ನೆನಪಿಡಿ. ಈ ಒದೆತ ಮತ್ತು ನಳಿಗೆಯೊಳಗಿನ ಬಿಸಿ ಅನಿಲ, ಇವೆರಡೂ ಹೇಗಿದ್ದರೂ ವ್ಯರ್ಥವಾಗಿ ಹೋಗುವ ಶಕ್ತಿ. ಅದನ್ನೇ ಹಿಡಿದು ಕೆಲಸಕ್ಕೆ ಹಚ್ಚಿದರೆ ಕೋವಿ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ.

ಮೂರು ದಾರಿ

ಮೊದಲ ದಾರಿ, ಒದೆತ. ಅಮೆರಿಕದ ಜಾನ್ ಬ್ರೌನಿಂಗ್ ಇದಕ್ಕೆ 1900ರಲ್ಲಿ ಪೇಟೆಂಟ್ ಪಡೆದರು. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ ತಯಾರಿಸಿದ ಆ ಕೋವಿಗೆ ಆಟೋ-5 ಎಂಬ ಹೆಸರು ನಿಂತಿತು. ಅದರಲ್ಲಿ ನಳಿಗೆ ಮತ್ತು ಅದರ ಹಿಂದಿನ ಮುಚ್ಚುಗ ಎರಡೂ ಒಟ್ಟಿಗೆ ಹಿಂದಕ್ಕೆ ಜಾರುತ್ತವೆ. ಆಮೇಲೆ ಸ್ಪ್ರಿಂಗ್ ನಳಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ಸಂದಿನಲ್ಲಿ ಖಾಲಿ ತೋಟೆ ಹೊರಗೆ ಹಾರಿ ಹೊಸದು ಒಳಗೆ ಬರುತ್ತದೆ.

ಎರಡನೆಯ ದಾರಿ, ಅನಿಲ. ಕೋವಿ ಹೊಡೆದಾಗ ಮುಂದಿನ ಹುಲ್ಲು ಬಾಗುವುದನ್ನು ಬ್ರೌನಿಂಗ್ ನೋಡಿ, ಈ ಗಾಳಿಯಿಂದ ಕೆಲಸ ಮಾಡಿಸಬಹುದಲ್ಲ ಎಂದುಕೊಂಡರಂತೆ. ನಳಿಗೆಯಲ್ಲಿ ಒಂದು ಸಣ್ಣ ತೂತು. ಅದರಿಂದ ಸ್ವಲ್ಪ ಅನಿಲ ಹೊರಬಂದು ಒಂದು ಪಿಸ್ಟನ್ ತಳ್ಳುತ್ತದೆ. ಟ್ರ್ಯಾಕ್ಟರ್ ಎಂಜಿನ್ನಿನ ಪಿಸ್ಟನ್ ಇದ್ದಂತೆಯೇ. 1963ರಲ್ಲಿ ಬಂದ ರೆಮಿಂಗ್ಟನ್ 1100 ಎಂಬ ಕೋವಿ ಈ ಬಗೆಯದು.

ಮೂರನೆಯ ದಾರಿ, ಜಡತ್ವ. ದಿಂಬಂ ಘಾಟಿಯಲ್ಲಿ ಬಸ್ ಜಗ್ಗಿ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ. ಬಸ್ ಮುಂದಕ್ಕೆ ಹೋಯಿತು, ಅವರ ದೇಹ ಇದ್ದಲ್ಲೇ ಇರಲು ನೋಡಿತು. ಇಟಲಿಯಲ್ಲಿ 1967ರಲ್ಲಿ ಶುರುವಾದ ಬೆನೆಲ್ಲಿ ಕಂಪನಿಯ ಕೋವಿಯಲ್ಲಿ ಹೀಗೇ ಆಗುತ್ತದೆ. ಕೋವಿ ಸರ್ರನೆ ಹಿಂದಕ್ಕೆ ಬಂದಾಗ ಒಳಗಿನ ಒಂದು ಭಾರದ ತುಂಡು ಇದ್ದಲ್ಲೇ ಉಳಿಯುತ್ತದೆ. ನಡುವೆ ಇರುವ ಗಟ್ಟಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಅದು ಮತ್ತೆ ಬಿಚ್ಚಿಕೊಂಡಾಗ ಆ ತುಂಡು ಹಿಂದಕ್ಕೆ ಹಾರಿ ಬಾಕಿ ಕೆಲಸ ಮಾಡುತ್ತದೆ.

ಮೂರನೆಯ ನಿಯಮ, ಅನಿಲದ ಒತ್ತಡ, ಮೊದಲನೆಯ ನಿಯಮ. ನಿಮ್ಮ ಪುಸ್ತಕದ ಮೂರು ಪಾಠ ಮೂರು ಬಗೆಯ ಕೋವಿಯಾಗಿವೆ.

ಕೈಕೊಡದೆ ಇರುವುದು ಅಂದ್ರೆ ಎಷ್ಟು?

ಈಗ ಎರಡನೆಯ ಪದಕ್ಕೆ ಬರೋಣ. ಅನಿಲದ ಕೋವಿಯಲ್ಲಿ ಮಸಿ ಕಟ್ಟುತ್ತದೆ. ತೊಳೆಯದಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಜಡತ್ವದ ಕೋವಿಗೆ ಸಾಕಷ್ಟು ಜೋರಾದ ಒದೆತ ಬೇಕು. ತೋಟೆ ದುರ್ಬಲವಾಗಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ತೋಟೆಗೆ ತೇವ ತಗಲಿದರೆ ಯಾವ ಕೋವಿಯೂ ಹೇಳಿದಂತೆ ಕೇಳುವುದಿಲ್ಲ. ನಮ್ಮ ಬೆಟ್ಟದ ಮಂಜಿನಲ್ಲಿ ಬೆಂಕಿಪೊಟ್ಟಣವೇ ಹತ್ತುವುದಿಲ್ಲ ಅಲ್ವಾ?

ಲೆಕ್ಕಕ್ಕಾಗಿ ಒಂದು ಊಹೆ ಮಾಡೋಣ. ಪ್ರತಿಯೊಂದು ಭಾಗವೂ ನೂರು ಸಲದಲ್ಲಿ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ ಎನ್ನೋಣ. ಒಂಟಿನಳಿಗೆ ಕೋವಿಯಲ್ಲಿ ಎರಡು ಕೆಲಸ ಸರಿಯಾಗಬೇಕು ಎಂದಾದರೆ 0.99 × 0.99 = 0.98. ತಾನೇ ತುಂಬಿಕೊಳ್ಳುವ ಕೋವಿಯಲ್ಲಿ ಹತ್ತು ಕೆಲಸ ಒಂದರ ಹಿಂದೆ ಒಂದು ಸರಿಯಾಗಬೇಕು ಎಂದಾದರೆ 0.99ನ್ನು ಹತ್ತು ಸಲ ಗುಣಿಸಬೇಕು. ಬರುವುದು 0.904. ಅಂದರೆ ನೂರಕ್ಕೆ ಸುಮಾರು ಹತ್ತು ಸಲ ಎಡವಟ್ಟು. ಪ್ರತಿ ಭಾಗವೂ ಒಳ್ಳೆಯದೇ, ಆದರೂ ಒಟ್ಟು ಯಂತ್ರ ಕೈಕೊಡುತ್ತದೆ. ಸರಪಳಿಯಲ್ಲಿ ಕೊಂಡಿ ಹೆಚ್ಚಿದಷ್ಟೂ ಎಲ್ಲೋ ಒಂದು ತುಂಡಾಗುವ ಸಾಧ್ಯತೆ ಹೆಚ್ಚು.

ಇದನ್ನು ಸರಿಪಡಿಸಲು ಪ್ರತಿ ಭಾಗವನ್ನೂ 99 ಅಲ್ಲ, 99.9ರಷ್ಟು ಚೆನ್ನಾಗಿ ಮಾಡಬೇಕು. ಅದಕ್ಕೆ ಒಳ್ಳೆಯ ಉಕ್ಕು, ನಿಖರವಾದ ಅಳತೆ, ಹೆಚ್ಚು ಪರೀಕ್ಷೆ ಬೇಕು. ಅಂದರೆ ಹೆಚ್ಚು ದುಡ್ಡು. ಹಾಗಾಗಿ 'ಅಗ್ಗ', 'ಕೈಕೊಡದ್ದು', 'ತಾನೇ ತುಂಬಿಕೊಳ್ಳುವುದು' ಈ ಮೂರೂ ಒಂದೇ ಕಡೆ ಸಿಗುವುದು ಕಷ್ಟ. ಪಂಪ್‌ಸೆಟ್ಟಿಗೂ ಮೊಬೈಲಿಗೂ ಇದೇ ಮಾತು.

ಅಗ್ಗ ಅಂದ್ರೆ ಅಂಗಡಿ ಬೆಲೆ ಮಾತ್ರವಲ್ಲ

ಕೋವಿಯ ಬೆಲೆಗೆ ತೋಟೆ, ಶುಚಿ ಮಾಡುವ ಖರ್ಚು, ಬೀಗ ಹಾಕಿಡುವ ಪೆಟ್ಟಿಗೆ, ಪರವಾನಗಿಗಾಗಿ ಓಡಾಟ ಎಲ್ಲ ಸೇರಿಸಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ಜೈಲಿಗೆ ಹೋಗುವ ಅಪರಾಧ. 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. ಬೆಳೆ ಕಾಯಲು ಎಂದು ಕೇಳಿದರೆ ಕಾಯ್ದೆ ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಯ ಮಾತು. ಯಾರದೋ ಶೆಡ್ಡಿನಲ್ಲಿ ಮಾಡಿದ ಕಳ್ಳ ನಾಡಕೋವಿ ಅಗ್ಗ ನಿಜ. ಆದರೆ ನೀರಿನ ಪೈಪಿನಿಂದ ಮಾಡಿದ ನಳಿಗೆ ಮದ್ದಿನ ಒತ್ತಡ ತಾಳದೆ ಸಿಡಿದರೆ ಹೋಗುವುದು ಹೊಡೆದವನ ಬೆರಳು, ಕಣ್ಣು.

ಇನ್ನೊಂದು ಕಾಯ್ದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆನೆ ಅದರ ಮೊದಲ ಪಟ್ಟಿಯಲ್ಲಿದೆ. ಅದನ್ನು ಕೊಂದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಕೋವಿಗೆ ಪರವಾನಗಿ ಇದ್ದರೆ ಆನೆಗೆ ಹೊಡೆಯಲು ಪರವಾನಗಿ ಸಿಕ್ಕಂತಲ್ಲ.

ಆನೆಯ ಮುಂದೆ ಕೋವಿ

ಕಾಯ್ದೆ ಒಂದು ಕಡೆ ಇರಲಿ. ಭೌತಶಾಸ್ತ್ರ ಏನು ಹೇಳುತ್ತದೆ? ನಮ್ಮ 12.8 ಸಂವೇಗ ಪೂರ್ತಿಯಾಗಿ 4000 ಕಿ.ಗ್ರಾಂ ತೂಗುವ ಆನೆಗೆ ಹೋಯಿತು ಎನ್ನಿ. ಆನೆಯ ವೇಗದಲ್ಲಿ ಆಗುವ ಬದಲಾವಣೆ 12.8 ÷ 4000 = 0.0032 ಮೀ/ಸೆ., ಅಂದರೆ ಸೆಕೆಂಡಿಗೆ 3.2 ಮಿಲಿಮೀಟರ್. ಬಸವನಹುಳು ನಡೆಯುವಷ್ಟು! ಸಿನಿಮಾದಲ್ಲಿ ಗುಂಡು ಬಿದ್ದವನು ಹತ್ತಡಿ ಹಿಂದೆ ಹಾರುತ್ತಾನಲ್ಲ, ಅದು ಸುಳ್ಳು. ಹಾಗೆ ಹಾರುವುದಾದರೆ ಹೊಡೆದವನೂ ಹಾರಬೇಕಿತ್ತು.

ಶಕ್ತಿಯೂ ಹಂಚಿಹೋಗುತ್ತದೆ. 32 ಗ್ರಾಂನಲ್ಲಿ 250 ಸಣ್ಣ ಚರೆ ಇದ್ದರೆ ಒಂದೊಂದಕ್ಕೆ ಸಿಗುವುದು ಸುಮಾರು 10 ಜೂಲ್. ಹಗುರವಾದ ದುಂಡು ಚರೆ ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಳ್ಳುತ್ತದೆ. ದಪ್ಪ ಚರ್ಮದೊಳಗೆ ಸಿಕ್ಕಿ ಹುಣ್ಣಾಗುತ್ತದೆ, ಕೀವಾಗುತ್ತದೆ. ಆನೆ ಓಡುವುದಿಲ್ಲ, ನೋವಿನಿಂದ ಕೆರಳುತ್ತದೆ. ಚರೆ ಹೊಕ್ಕ ಆನೆಗಳ ಸುದ್ದಿ ದಕ್ಷಿಣ ಭಾರತದಲ್ಲಿ ಮತ್ತೆ ಮತ್ತೆ ಬಂದಿದೆ. ಆ ಆನೆಯ ಕೋಪ ಬೀಳುವುದು ಮಾರನೆಯ ದಿನ ಬೆಳಿಗ್ಗೆ ಹಾಲು ಹಾಕಲು ಹೊರಟ ಯಾರ ಮೇಲೋ. ಕತ್ತಲಲ್ಲಿ ಗುರಿ ತಪ್ಪಿದ ಚರೆ ಪಕ್ಕದ ಹೊಲದ ಅಟ್ಟಣೆಯಲ್ಲಿ ಕೂತವರಿಗೂ ತಗಲಬಹುದು. ಬೇಗ ಬೇಗ ಐದು ಹೊಡೆಯಬಹುದು ಎಂದಾದರೆ ಆ ಅಪಾಯ ಐದು ಪಟ್ಟು.

"ಹೊಡೆಯೋದು ಬೇಡ ಸಾರ್, ಸದ್ದು ಮಾತ್ರ ಮಾಡೋಣ" ಅನ್ನಬಹುದು. ಸದ್ದಿಗೆ ಆನೆ ಮೊದಲ ದಿನ ಓಡುತ್ತದೆ. ಸದ್ದಾದ ಮೇಲೆ ತನಗೇನೂ ಆಗುವುದಿಲ್ಲ ಎಂದು ನಾಲ್ಕಾರು ದಿನದಲ್ಲಿ ಕಲಿತುಬಿಡುತ್ತದೆ. ಆನೆ ದಡ್ಡ ಪ್ರಾಣಿಯಲ್ಲ. ನಿಮ್ಮ ಕಿವಿ ಮಾತ್ರ ಕಲಿಯುವುದಿಲ್ಲ. ಕೋವಿಯ ಸದ್ದು ಹತ್ತಿರದಲ್ಲಿ 140 ಡೆಸಿಬಲ್ ದಾಟುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕೊಡಗನ್ನು ನೋಡಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅದು ಅವರ ಪರಂಪರೆ. ಮನೆಯಲ್ಲಿ ಕೋವಿ ಇರುವ ಆ ನಾಡಿನಲ್ಲೂ ಕಾಫಿ ತೋಟಕ್ಕೆ ಆನೆ ಬರುವುದು ನಿಂತಿಲ್ಲ. ಕೋವಿಯಿಂದ ಆನೆ ನಿಲ್ಲುವುದಾದರೆ ಮೊದಲು ಅಲ್ಲಿ ನಿಲ್ಲಬೇಕಿತ್ತು.

ನಮ್ಮಲ್ಲೇ ಆದದ್ದು ನಿಮಗೆ ನೆನಪಿರಬಹುದು. 'ಕರುಪ್ಪನ್' ಎಂದು ಹೆಸರಿಟ್ಟ ಕೊಂಬಿನ ಆನೆಯನ್ನು ಹಿಡಿಯಲು 2023ರ ಜನವರಿಯಲ್ಲೇ ಅರಣ್ಯ ಇಲಾಖೆ ಕುಮ್ಕಿ ಆನೆಗಳನ್ನು ಕರೆತಂದಿತು. ಅರಿವಳಿಕೆ ಮದ್ದಿನ ಸೂಜಿ ಹಾರಿಸುವ ಕೋವಿ, ಪಶುವೈದ್ಯರು, ತರಬೇತಿ ಪಡೆದ ಸಿಬ್ಬಂದಿ ಎಲ್ಲ ಇದ್ದರು. ಆದರೂ ಹಲವು ಪ್ರಯತ್ನ ವಿಫಲವಾಗಿ ಕೊನೆಗೆ ಅದು ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಸೂಜಿ ತಗಲಿದ ಕೂಡಲೇ ಆನೆ ಬೀಳುವುದಿಲ್ಲ. ಮದ್ದು ರಕ್ತದಲ್ಲಿ ಹರಡಲು ನಿಮಿಷಗಟ್ಟಲೆ ಬೇಕು. ಅಷ್ಟರಲ್ಲಿ ಆನೆ ಕಾಡು ಸೇರಬಹುದು. ಪಳಗಿದವರ ಕೈಯಲ್ಲೇ ಹೀಗಾದರೆ, ನಿದ್ದೆಗಣ್ಣಿನಲ್ಲಿ ಒಬ್ಬಂಟಿಯಾಗಿ ಕೂತ ರೈತನ ಪಾಡು?

ಕೆಟ್ಟರೆ ಏನಾಗುತ್ತದೆ?

ಒಳ್ಳೆಯ ಎಂಜಿನಿಯರ್ "ಇದು ಕೆಡುತ್ತದೆಯೇ?" ಎಂದು ಮಾತ್ರ ಕೇಳುವುದಿಲ್ಲ. "ಕೆಟ್ಟಾಗ ಯಾರಿಗೆ ಏನಾಗುತ್ತದೆ?" ಎಂದೂ ಕೇಳುತ್ತಾನೆ. ಹೊಲ ಕಾಯುವ ಬೇರೆ ಸಾಧನಗಳನ್ನು ಇದೇ ಪ್ರಶ್ನೆಯಿಂದ ಅಳೆಯಿರಿ.

ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆದರೂ ಸಾಯುವುದಿಲ್ಲ. ಯಾಕೆ? ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಿಡಿಯುತ್ತದೆ. ಒಂದು ಮಿಡಿತದ ಶಕ್ತಿ ಕೆಲವೇ ಜೂಲ್. ನೋವಾಗುತ್ತದೆ, ಮುಂದಿನ ಮಿಡಿತದೊಳಗೆ ಬಿಡಿಸಿಕೊಳ್ಳಬಹುದು. ಮನೆಯ 230 ವೋಲ್ಟ್ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಹಾಗಲ್ಲ. ಒದ್ದೆ ದೇಹದ ರೋಧ 1000 ಓಮ್ ಎಂದರೆ 0.23 ಆಂಪಿಯರ್ ಹರಿಯುತ್ತದೆ. ಹೃದಯ ನಿಲ್ಲಲು 0.1 ಆಂಪಿಯರ್ ಸಾಕು. ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲೂ ಆಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಹತ್ತಿರ ಇಂಥ ಕಳ್ಳ ತಂತಿಗೆ ತಗಲಿ ಮೂರು ಹೆಣ್ಣಾನೆಗಳು ಸತ್ತವು, ಎರಡು ಮರಿಗಳು ಅನಾಥವಾದವು. ಅದೇ ತಂತಿಗೆ ದನ ತಗಲಬಹುದು, ಮನೆಯವರೇ ತಗಲಬಹುದು.

ಸೋಲಾರ್ ಬೇಲಿಯೂ ಕೈಕೊಡುತ್ತದೆ. ಹುಲ್ಲು ಬೆಳೆದು ತಂತಿಗೆ ತಗಲಿದರೆ ಕರೆಂಟ್ ಭೂಮಿಗೆ ಸೋರುತ್ತದೆ. ಆನೆ ದಂತದಿಂದ ತಂತಿ ಕೀಳುತ್ತದೆ, ಏಕೆಂದರೆ ದಂತದಲ್ಲಿ ಕರೆಂಟ್ ಚೆನ್ನಾಗಿ ಹರಿಯುವುದಿಲ್ಲ. ಕಂಬವನ್ನೇ ತಳ್ಳುವ ಆನೆಗಳಿವೆ. ಅದಕ್ಕೇ ತಂತಿಗಳನ್ನು ಎತ್ತರದಿಂದ ಇಳಿಬಿಡುವ ತೂಗುಬೇಲಿ ಬಂತು. ಆದರೆ ಬೇಲಿ ಕೆಟ್ಟಿದೆಯೋ ಇಲ್ಲವೋ ಎಂದು ಹಗಲಲ್ಲೇ ಪರೀಕ್ಷಿಸಬಹುದು. ಕೆಟ್ಟರೆ ಅದು ಬರೀ ತಂತಿ, ಯಾರನ್ನೂ ಕೊಲ್ಲುವುದಿಲ್ಲ.

ಜೇನುಪೆಟ್ಟಿಗೆಯ ಬೇಲಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಶುರುಮಾಡಿತು. ಜೇನಿಗೆ ಆನೆ ಹೆದರುತ್ತದೆ, ಜೇನುತುಪ್ಪವೂ ಸಿಗುತ್ತದೆ. ಅರಿಶಿನ, ಮೆಣಸಿನಕಾಯಿ ಆನೆಗೆ ಅಷ್ಟು ರುಚಿಸುವುದಿಲ್ಲ, ಕಾಡಂಚಿಗೆ ಅವನ್ನು ಹಾಕಿದರೆ ಸ್ವಲ್ಪ ಅನುಕೂಲ. ಕಾರ್ಬೈಡ್ ಗನ್ ಮಾತ್ರ ಬೇಡವೇ ಬೇಡ. ಕಾರ್ಬೈಡಿಗೆ ನೀರು ಸೇರಿ ಹುಟ್ಟುವ ಅಸಿಟಿಲೀನ್ ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಹೇಳಲಾಗದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯವಾಯಿತು, ಅವರಲ್ಲಿ ಹೆಚ್ಚಿನವರು ನಿಮ್ಮಂಥ ಮಕ್ಕಳು.

ತಾಳವಾಡಿ ಒಂದು ದ್ವೀಪದಂತೆ. 2013ರಲ್ಲಿ ಹುಲಿ ಮೀಸಲು ಪ್ರದೇಶವಾದ ಸತ್ಯಮಂಗಲ ಕಾಡು, ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ನಮ್ಮ ಹೊಲಗಳು ಆನೆಯ ಹಳೆಯ ದಾರಿಯ ಪಕ್ಕದಲ್ಲೇ ಇವೆ. ಒಬ್ಬರ ಬೇಲಿ ಆನೆಯನ್ನು ಪಕ್ಕದವರ ಹೊಲಕ್ಕೆ ಕಳಿಸುತ್ತದೆ, ಅಷ್ಟೆ. ಊರು ಸೇರಿ ಹಾಕಿದ ಬೇಲಿ, ಸರದಿಯ ಮೇಲೆ ಹುಲ್ಲು ಸವರುವುದು, ಆನೆ ಕಂಡ ಕೂಡಲೇ ಫೋನ್ ಮಾಡುವುದು, ಬೆಳೆ ಹಾಳಾದರೆ ತಡಮಾಡದೆ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕುವುದು, ಇವೆಲ್ಲ ಸೇರಿದರೇ ಕಾವಲು.

ಮಾಡಿ ನೋಡಿ

1. ಎರಡು ಕಂಬದ ನಡುವೆ ದಾರ ಕಟ್ಟಿ ಒಂದು ಸ್ಟ್ರಾ ಪೋಣಿಸಿ. ಊದಿದ ಬಲೂನನ್ನು ಅದಕ್ಕೆ ಅಂಟಿಸಿ ಬಾಯಿ ಬಿಡಿ. ಬಲೂನ್ ಯಾವ ಕಡೆ ಹೋಯಿತು, ಗಾಳಿ ಯಾವ ಕಡೆ ಹೋಯಿತು? ಸ್ಟ್ರಾಗೆ ಒಂದು ರಬ್ಬರ್ ತುಂಡು ಕಟ್ಟಿ ಭಾರ ಹೆಚ್ಚಿಸಿದರೆ ವೇಗ ಏನಾಗುತ್ತದೆ?

2. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಡಿ. ರಟ್ಟನ್ನು ಬೆರಳಿಂದ ಚಿಮ್ಮಿ. ನಾಣ್ಯ ಎಲ್ಲಿ ಬಿತ್ತು? ಮೇಲಿನ ಮೂರು ದಾರಿಗಳಲ್ಲಿ ಇದು ಯಾವುದು?

3. 20 ಬೋರ್ ನಳಿಗೆಯ ಒಳವ್ಯಾಸ ಕಂಡುಹಿಡಿಯಿರಿ. (ಉತ್ತರ: ಸುಮಾರು 15.6 ಮಿ.ಮೀ.)

4. ನಿಮ್ಮ ಮನೆಯ ದೊಡ್ಡವರ ಜೊತೆ ಕೂತು ಒಂದು ಪಟ್ಟಿ ಮಾಡಿ. ಎಡಗಡೆ ನಿಮ್ಮ ಊರಲ್ಲಿ ಹೊಲ ಕಾಯಲು ಬಳಸುವ ಸಾಧನಗಳು. ಮೇಲೆ ಐದು ಕಲಂ: ಮೊದಲ ಖರ್ಚು, ವರ್ಷದ ಖರ್ಚು, ಎಷ್ಟು ಭಾಗ ಸರಿಯಾಗಿರಬೇಕು, ಕೆಟ್ಟರೆ ಯಾರಿಗೆ ಏನಾಗುತ್ತದೆ, ಕಾನೂನು ಒಪ್ಪುತ್ತದೆಯೇ. ತುಂಬಿಸಿ ತಂದು ತರಗತಿಯಲ್ಲಿ ಹೋಲಿಸಿ. ನಾಲ್ಕನೆಯ ಕಲಂ ತುಂಬಿಸುವಾಗ ಮಾತ್ರ ಅವಸರ ಮಾಡಬೇಡಿ.